ಎದೆಯ ದನಿಗೆ ಕಿವಿಗೊಟ್ಟ ವೈದ್ಯ: ರೆನೆ ಲಾಯೆನೆಕ್ (1781–1826)

ನಮ್ಮ ನಾಡಿನ ಯಾವ ಆಸ್ಪತ್ರೆಗೆ ಹೋದರೂ ವೈದ್ಯರನ್ನು ಗುರುತಿಸಲು ಯಾರೂ ತೋರಿಸಿಕೊಡಬೇಕಾಗಿಲ್ಲ. ಕೊರಳಲ್ಲಿ ಸ್ಟೆತಾಸ್ಕೋಪು ತೂಗುತ್ತಿದ್ದರೆ ಅವರೇ ವೈದ್ಯರು. ಪುಟ್ಟ ಮಕ್ಕಳು ಡಾಕ್ಟರ ಆಟವಾಡುವಾಗಲೂ ಮೊದಲು ಹುಡುಕುವುದು ಕಿವಿಗೆ ಸಿಕ್ಕಿಸಿಕೊಳ್ಳಲು ಒಂದು ದಾರದ ತುಂಡನ್ನೇ. ಹೀಗೆ ವೈದ್ಯವೃತ್ತಿಯ ಲಾಂಛನವೇ ಆಗಿಹೋಗಿರುವ ಈ ಉಪಕರಣವನ್ನು ಲೋಕಕ್ಕೆ ಕೊಟ್ಟವರು ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದ ಒಬ್ಬ ಕಥೋಲಿಕ ವೈದ್ಯರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಧರ್ಮಕೇಂದ್ರದ ಶತಮಾನೋತ್ಸವದ ಸಂಚಿಕೆಗಳಲ್ಲಿ ಗುರುಗಳ, ಮಿಷನರಿಗಳ, ಸಂತರ ಜೀವನವನ್ನು ಬರೆಯುವುದು ರೂಢಿ. ಲಾಯೆನೆಕ್ ಗುರುಗಳಲ್ಲ, ಧರ್ಮಸಭೆ ಅವರನ್ನು ಸಂತರೆಂದು ಸಾರಿಯೂ ಇಲ್ಲ. ಬಲಿಪೂಜೆ ಮುಗಿಸಿ ಕೆಲಸಕ್ಕೆ ಹೋಗುವ ಸಾಮಾನ್ಯ ವಿಶ್ವಾಸಿಗಳ ಸಾಲಿನಲ್ಲಿ ನಿಲ್ಲುವವರು ಅವರು. ದೇವಾಲಯದ ಹೊಸ್ತಿಲು ದಾಟಿ ಹೊರಬಂದ ಮೇಲೆ ನಮ್ಮ ವಿಶ್ವಾಸ ಕಚೇರಿಗೆ, ಶಾಲೆಗೆ, ಪ್ರಯೋಗಶಾಲೆಗೆ ಯಾವ ವೇಷದಲ್ಲಿ ಬರುತ್ತದೆಂಬ ಪ್ರಶ್ನೆಗೆ ಅವರ ನಲವತ್ತೈದು ವರ್ಷಗಳ ಬಾಳು ಒಂದು ನಿದರ್ಶನ. ಅದರಲ್ಲಿ ಬೆಳಕೂ ಇದೆ, ಒಂದೆರಡು ಕಡೆ ನೆರಳೂ ಇದೆ.

ಫ್ರಾನ್ಸ್ ದೇಶದ ಪಶ್ಚಿಮದ ತುದಿಯಲ್ಲಿ ಸಮುದ್ರಕ್ಕೆ ಮೂಗು ಚಾಚಿಕೊಂಡಿರುವ ಪ್ರಾಂತ ಬ್ರಿಟನಿ. ಆ ಕಾಲದಲ್ಲಿ ಅಲ್ಲಿಯ ಹಳ್ಳಿಗರ ಮನೆಮಾತು ಫ್ರೆಂಚ್ ಆಗಿರಲಿಲ್ಲ, ಬ್ರೆಟನ್ ಎಂಬ ಬೇರೆಯೇ ನುಡಿಯಾಗಿತ್ತು. ಮೀನುಗಾರರ, ರೈತರ ಆ ನಾಡು ದೈವಭಕ್ತಿಗೆ ಹೆಸರಾದದ್ದು. ಅಲ್ಲಿಯ ಕೆಂಪೇರ್ ಎಂಬ ಪಟ್ಟಣದಲ್ಲಿ 1781 ರ ಫೆಬ್ರವರಿ 17 ರಂದು ರೆನೆ ಥಿಯೋಫಿಲ್ ಹಯಾಸಿಂತ್ ಲಾಯೆನೆಕ್ ಜನಿಸಿದ. ತಂದೆ ವಕೀಲ, ಕವಿತೆಯ ಹುಚ್ಚಿನವ, ಹಣಕಾಸಿನಲ್ಲಿ ಹಿಡಿತವಿಲ್ಲದವ. ಮಗುವಿಗೆ ಐದು ವರ್ಷವಾಗಿದ್ದಾಗ, 1786 ರಲ್ಲಿ, ತಾಯಿ ತೀರಿಕೊಂಡಳು. ಆಕೆಯನ್ನು ಕೊಂಡೊಯ್ದದ್ದು ಕ್ಷಯರೋಗವಿರಬೇಕೆಂದು ನಂಬಲಾಗಿದೆ. ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ ಬಂಧುಗಳಿಗೆ ಒಪ್ಪಿಸಿ ಕೈತೊಳೆದುಕೊಂಡ. ಕೆಲವು ಕಾಲ ಗುರುಗಳಾಗಿದ್ದ ಬಂಧುವೊಬ್ಬರ ಮನೆಯಲ್ಲಿದ್ದು, 1788 ರಲ್ಲಿ ಬಾಲಕ ರೆನೆ ನಾಂಟ್ ನಗರಕ್ಕೆ ಬಂದ. ಅಲ್ಲಿ ಅವನ ಚಿಕ್ಕಪ್ಪ ಗಿಯೋಮ್ ಲಾಯೆನೆಕ್ ಹೆಸರಾಂತ ವೈದ್ಯರು. ಹೆತ್ತವನಿಗಿಂತ ಹೆಚ್ಚಾಗಿ ಅವನನ್ನು ನೋಡಿಕೊಂಡವರು ಅವರೇ.

ಬಂದ ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. 1793 ರ ಹೊತ್ತಿಗೆ ನಾಂಟ್ ನಗರದಲ್ಲಿ ಅದು ರಕ್ತದ ಹೊಳೆಯಾಗಿ ಹರಿಯಿತು. ಬುಫೇ ಚೌಕದಲ್ಲಿ ನಿಲ್ಲಿಸಿದ್ದ ಶಿರಚ್ಛೇದ ಯಂತ್ರವು ಚಿಕ್ಕಪ್ಪನ ಮನೆಯ ಕಿಟಕಿಗಳಿಗೇ ಕಾಣುತ್ತಿತ್ತು. ಕ್ರಾಂತಿಸರಕಾರಕ್ಕೆ ಪ್ರಮಾಣ ಮಾಡಲೊಪ್ಪದ ಸುಮಾರು 90 ಮಂದಿ ಗುರುಗಳನ್ನು ಆ ವರ್ಷದ ನವೆಂಬರ್ ತಿಂಗಳ ರಾತ್ರಿಯೊಂದರಲ್ಲಿ ದೋಣಿಯಲ್ಲಿ ತುಂಬಿ ಲ್ವಾರ್ ನದಿಯಲ್ಲಿ ಮುಳುಗಿಸಲಾಯಿತು. ಚಿಕ್ಕಪ್ಪನೂ ಕೆಲವು ವಾರ ಸೆರೆಮನೆಯಲ್ಲಿದ್ದು ಬಂದರು. ಹನ್ನೆರಡರ ಹುಡುಗನ ಮನಸ್ಸಿನಲ್ಲಿ ಈ ನೋಟಗಳು ಏನನ್ನು ಉಳಿಸಿದವೋ ಊಹಿಸಬಹುದು. ಮುಂದೆ ಅವರು ಜೀವನಪರ್ಯಂತ ಅರಸೊತ್ತಿಗೆಯ ಪಕ್ಷಪಾತಿಯಾಗಿ ಉಳಿದುದಕ್ಕೆ, ಅದರಿಂದ ಅವರಿಗೆ ಬಂದ ಹೆಸರಿಗೂ ಕೆಟ್ಟ ಹೆಸರಿಗೂ, ಬೇರನ್ನು ಇಲ್ಲಿಯೇ ಹುಡುಕಬೇಕು. ಮನೆಯಲ್ಲಿ ಮಾತ್ರ ಓದು ನಿಲ್ಲಲಿಲ್ಲ. ಲ್ಯಾಟಿನ್, ಗ್ರೀಕ್, ಕೊಳಲು, ಚಿತ್ರರಚನೆ ಎಲ್ಲವೂ ನಡೆದವು. ಹದಿನಾಲ್ಕರ ಪ್ರಾಯದಲ್ಲಿ, 1795 ರಲ್ಲಿ, ಅಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಮೂರನೆಯ ದರ್ಜೆಯ ಶಸ್ತ್ರವೈದ್ಯನೆಂಬ ಕೆಲಸ ಅವನಿಗೆ ದೊರೆಯಿತು. ನಮ್ಮ ಕಾಲದ ಪ್ರೌಢಶಾಲೆಯ ಹುಡುಗನ ವಯಸ್ಸು. ಮಾಡಬೇಕಾದುದು ಗಾಯಾಳುಗಳಿಗೆ ಪಟ್ಟಿ ಕಟ್ಟುವ ಕೆಲಸ.

1801 ರಲ್ಲಿ ಇಪ್ಪತ್ತರ ಯುವಕ ಲಾಯೆನೆಕ್ ಪ್ಯಾರಿಸ್ ಸೇರಿದರು. ಆಗ ಪ್ಯಾರಿಸ್ ವೈದ್ಯಲೋಕದ ರಾಜಧಾನಿ. ರೋಗಿಯ ಮಾತನ್ನು ಕೇಳಿ, ನಾಡಿ ಹಿಡಿದು, ಹಳೆಯ ಗ್ರಂಥಗಳನ್ನು ಉದ್ಧರಿಸಿ ಔಷಧ ಬರೆಯುವ ಕಾಲ ಮುಗಿಯುತ್ತಿತ್ತು. ರೋಗವು ದೇಹದೊಳಗಿನ ಯಾವುದೋ ಒಂದು ಅಂಗದಲ್ಲಿ ಕುಳಿತಿರುತ್ತದೆ, ಸತ್ತ ಬಳಿಕ ಶವವನ್ನು ಛೇದಿಸಿದರೆ ಅದು ಕಣ್ಣಿಗೆ ಕಾಣುತ್ತದೆ ಎಂಬ ಹೊಸ ದೃಷ್ಟಿ ಬೇರೂರುತ್ತಿತ್ತು. ಲಾಯೆನೆಕ್ ಸೇರಿದ್ದು ಷಾರಿತೆ ಆಸ್ಪತ್ರೆಯಲ್ಲಿ ಕೊರ್ವಿಸಾರ್ ಎಂಬ ಪ್ರಖ್ಯಾತ ವೈದ್ಯರ ಶಿಷ್ಯವರ್ಗವನ್ನು. ಎದೆಯನ್ನು ಬೆರಳಿನಿಂದ ತಟ್ಟಿ, ಪೀಪಾಯಿ ತುಂಬಿದೆಯೋ ಬರಿದಾಗಿದೆಯೋ ಎಂದು ವ್ಯಾಪಾರಿ ನೋಡುವಂತೆ ಒಳಗಿನ ಸ್ಥಿತಿಯನ್ನು ತಿಳಿಯುವ ವಿಧಾನವೊಂದನ್ನು ಔಯೆನ್‌ಬ್ರುಗ್ಗರ್ ಎಂಬ ವೈದ್ಯರು 1761 ರಲ್ಲಿಯೇ ವಿಯೆನ್ನಾದಲ್ಲಿ ಪ್ರಕಟಿಸಿದ್ದರು. ಮರೆತುಹೋಗಿದ್ದ ಆ ವಿದ್ಯೆಯನ್ನು ಮತ್ತೆ ಎತ್ತಿಹಿಡಿದವರು ಕೊರ್ವಿಸಾರ್. 1803 ರಲ್ಲಿ ಲಾಯೆನೆಕ್ ವೈದ್ಯಶಾಸ್ತ್ರ, ಶಸ್ತ್ರಚಿಕಿತ್ಸೆ ಎರಡರಲ್ಲಿಯೂ ಪ್ರಥಮ ಬಹುಮಾನ ಗಳಿಸಿದರು.

ಅದೇ ವರ್ಷ ಅವರ ಒಳಬಾಳಿನಲ್ಲಿ ಇನ್ನೊಂದು ತಿರುವು ಬಂದಿತು. ವಿಶ್ವಾಸ ಅವರಿಗೆ ಎಳವೆಯಿಂದ ಬಂದಿತ್ತಾದರೂ ಅದು ಆಚರಣೆಯಲ್ಲಿ ಸಡಿಲಗೊಂಡಿತ್ತು. ಚರ್ಚುಗಳು ಮುಚ್ಚಿದ್ದ, ಗುರುಗಳು ಅಡಗಿದ್ದ ವರ್ಷಗಳಲ್ಲಿ ಬೆಳೆದ ಯುವಕರ ಪಾಡೇ ಅದು. 1801 ರ ಫೆಬ್ರವರಿಯಲ್ಲಿ ದೆಲ್‌ಪ್ಯುಯಿ ಎಂಬ ಮಾಜಿ ಯೇಸುಸಭೆಯ ಗುರುಗಳು ಪ್ಯಾರಿಸ್ಸಿನ ಆರು ಮಂದಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ದೇವಮಾತೆಯ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಿದ್ದರು. ನಮ್ಮ ಧರ್ಮಕೇಂದ್ರಗಳಲ್ಲಿ ಹಿಂದೆ ಇದ್ದ ಸೊಡಾಲಿಟಿಗಳಂಥದೇ ಅದು. ಲಾಯೆನೆಕ್ 1803 ರಲ್ಲಿ ಅದನ್ನು ಸೇರಿದರು. ಒಟ್ಟಾಗಿ ಪ್ರಾರ್ಥನೆ, ಪಾಪನಿವೇದನೆ, ಪರಮಪ್ರಸಾದ, ಬಡರೋಗಿಗಳ ಭೇಟಿ ಇವೇ ಅಲ್ಲಿಯ ಸಾಧನೆ. ಹೊರಗೆ, ವೈದ್ಯ ವಿದ್ಯಾರ್ಥಿಗಳ ನಡುವೆ, ದೇವರ ಹೆಸರೆತ್ತುವುದೇ ನಗೆಪಾಟಲಿಗೆ ಗುರಿಯಾಗುವ ಕಾಲ. ಇಷ್ಟು ಶವಗಳನ್ನು ಕೊಯ್ದು ನೋಡಿದ ಮೇಲೂ ಆತ್ಮವೆಂಬುದು ಎಲ್ಲಿ ಸಿಕ್ಕಿತು ಎಂದು ಕೇಳುವವರೇ ಬಹಳ.

ಈ ಪ್ರಶ್ನೆಗೆ ಲಾಯೆನೆಕ್ ವಾದದಿಂದ ಉತ್ತರ ಕೊಡಲು ಹೋಗಲಿಲ್ಲವೆಂಬುದು ನನಗೆ ಮುಖ್ಯವೆನಿಸುತ್ತದೆ. ಅವರು ಶವಗಳನ್ನು ಇನ್ನಷ್ಟು ಕೊಯ್ದರು. ಶರೀರವನ್ನು ಶರೀರವಾಗಿಯೇ ನೋಡಬೇಕು, ಕಂಡದ್ದನ್ನು ಕಂಡಂತೆ ಬರೆಯಬೇಕು. ಮನುಷ್ಯನ ಜೀವಶಕ್ತಿ, ಮನಸ್ಸು, ದುಃಖ ಇವು ಕತ್ತಿಯ ಮೊನೆಗೆ ಸಿಕ್ಕದಿದ್ದರೂ ಇಲ್ಲವೆಂದಾಗದು. ಇಷ್ಟೇ ಅವರ ನಿಲುವು. ಇವೆರಡನ್ನೂ ಒಟ್ಟಿಗೆ ಹಿಡಿಯಲು ಅವರಿಗೆ ಜೊತೆಯಾದವರು ಗಾಸ್ಪಾರ್ ಬೇಲ್ ಎಂಬ ಗೆಳೆಯ. ಅವರೂ ಭಕ್ತರು, ಕ್ಷಯದಿಂದ ಸತ್ತವರ ಶವಪರೀಕ್ಷೆಗಳನ್ನು ಆಧರಿಸಿ 1810 ರಲ್ಲಿ ದೊಡ್ಡ ಗ್ರಂಥ ಬರೆದವರು. ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುವ ರೋಗಕ್ಕೆ ಇಂದಿಗೂ ಬಳಕೆಯಲ್ಲಿರುವ ಸಿರೋಸಿಸ್ ಎಂಬ ಹೆಸರು ಲಾಯೆನೆಕ್ ಕೊಟ್ಟದ್ದೇ. ಕರಿಗಡ್ಡೆಯ ಕ್ಯಾನ್ಸರನ್ನು ಬೇರೆ ರೋಗವೆಂದು ಮೊದಲು ವಿವರಿಸಿದವರಲ್ಲಿಯೂ ಅವರು ಒಬ್ಬರು. ಈ ಕೆಲಸಕ್ಕೆ ತೆರಬೇಕಾದ ಬೆಲೆಯೂ ಅವರಿಗೆ ಗೊತ್ತಿತ್ತು. ಯುವಕರಾಗಿದ್ದಾಗ ಕ್ಷಯರೋಗಿಯೊಬ್ಬನ ಬೆನ್ನೆಲುಬನ್ನು ಗರಗಸದಿಂದ ಕತ್ತರಿಸುತ್ತಿರುವಾಗ ಬೆರಳಿಗೆ ಗೀರು ಬಿದ್ದು, ಅಲ್ಲಿ ಚಿಕ್ಕ ಗಂಟೊಂದು ಮೂಡಿದುದನ್ನು ಅವರು ಬೇರೆ ಯಾರದೋ ಕೈ ಎಂಬಷ್ಟು ತಟಸ್ಥವಾಗಿ ತಮ್ಮ ಪುಸ್ತಕದಲ್ಲಿ ವರ್ಣಿಸಿದ್ದಾರೆ. 1810 ರಲ್ಲಿ ತಮ್ಮನನ್ನು ಕ್ಷಯ ಕೊಂಡೊಯ್ದಿತು. 1816 ರಲ್ಲಿ ಬೇಲ್ ಅದೇ ರೋಗದಿಂದ ತೀರಿಕೊಂಡರು.

ಇಷ್ಟೆಲ್ಲ ವಿದ್ವತ್ತಿದ್ದರೂ ಬಹುಕಾಲ ಅವರಿಗೆ ಯಾವ ಆಸ್ಪತ್ರೆಯಲ್ಲಿಯೂ ಸ್ಥಾನ ಸಿಗಲಿಲ್ಲ. ಖಾಸಗಿ ರೋಗಿಗಳಿಂದ ಬಂದುದರಲ್ಲಿ ಜೀವನ ನಡೆಯಿತು. ಈ ಅವಧಿಯ ಒಂದು ಸಂಗತಿಯನ್ನು ಹೇಳಲೇಬೇಕು. 1814 ರಲ್ಲಿ ನೆಪೋಲಿಯನ್ನನ ಕೊನೆಯ ಯುದ್ಧಗಳ ಗಾಯಾಳುಗಳಿಂದ, ವಿಷಮಜ್ವರ ಬಡಿದ ಸೈನಿಕರಿಂದ ಪ್ಯಾರಿಸ್ಸಿನ ಆಸ್ಪತ್ರೆಗಳು ತುಂಬಿ ತುಳುಕಿದವು. ಅವರಲ್ಲಿ ಬ್ರಿಟನಿಯ ಹಳ್ಳಿಗಳಿಂದ ಬಲವಂತವಾಗಿ ಸೈನ್ಯಕ್ಕೆ ಸೇರಿಸಿದ ಹುಡುಗರು ಅನೇಕರಿದ್ದರು. ಫ್ರೆಂಚ್ ಬಾರದೆ ಎಲ್ಲಿ ನೋವೆಂದು ಹೇಳಲೂ ಆಗದೆ ಸಾಯುತ್ತಿದ್ದರು. ಅವರನ್ನೆಲ್ಲ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಸೇರಿಸುವಂತೆ ಮಾಡಿ ಲಾಯೆನೆಕ್ ಅವರ ನುಡಿಯಲ್ಲಿಯೇ ಮಾತಾಡಿಸಿ ಚಿಕಿತ್ಸೆ ನಡೆಸಿದರು. ಆ ಬ್ರೆಟನ್ ನುಡಿಯನ್ನು ಅವರು ಪಟ್ಟುಹಿಡಿದು ಕಲಿತಿದ್ದರು. ರೋಗಿಗೆ ಕಿವಿಗೊಡುವುದೆಂದರೇನೆಂದು ಲಾಯೆನೆಕ್‌ರಿಗೆ ಸ್ಟೆತಾಸ್ಕೋಪಿಗಿಂತ ಎರಡು ವರ್ಷ ಮೊದಲೇ ತಿಳಿದಿತ್ತು.

1816 ರ ಶರತ್ಕಾಲದಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ನೆಕರ್ ಆಸ್ಪತ್ರೆಯ ವೈದ್ಯರಾಗಿ ಅವರ ನೇಮಕವಾಯಿತು. ನಗರದ ಅಂಚಿನ, ಬಡವರ ಆಸ್ಪತ್ರೆ ಅದು. ಹಾಸಿಗೆಗಳು ನೂರರ ಆಸುಪಾಸು. ಆ ದಿನಗಳಲ್ಲಿ ಹೃದ್ರೋಗದ ಲಕ್ಷಣಗಳಿದ್ದ ಒಬ್ಬ ಯುವತಿ ಅವರ ಬಳಿ ಚಿಕಿತ್ಸೆಗೆ ಬಂದಳು. ಸ್ಥೂಲ ಶರೀರವಾದುದರಿಂದ ಎದೆಯನ್ನು ತಟ್ಟಿ ನೋಡಿದರೂ ಏನೂ ತಿಳಿಯಲಿಲ್ಲ. ರೋಗಿಯ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುವ ಪದ್ಧತಿ ಅಪರೂಪಕ್ಕೆ ಇತ್ತಾದರೂ ಆಕೆಯ ಪ್ರಾಯವೂ ಸ್ತ್ರೀಯೆಂಬ ಸಂಕೋಚವೂ ಅದಕ್ಕೆ ಅಡ್ಡವಾದವು. ಬೇರೆ ವೈದ್ಯರಾಗಿದ್ದರೆ ಊಹೆಯಿಂದ ಔಷಧ ಬರೆದು ಕಳುಹಿಸಬಹುದಿತ್ತು, ಇಲ್ಲವೆ ಬಡವಳಿಗೆ ಎಂಥ ನಾಚಿಕೆಯೆಂದು ಮುಂದುವರಿಯಬಹುದಿತ್ತು. ಲಾಯೆನೆಕ್ ಎರಡನ್ನೂ ಮಾಡಲಿಲ್ಲ. ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀಚಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಅದು ಸ್ಪಷ್ಟವಾಗಿ ಕೇಳುವುದು ಎಂಬ ಸಾಮಾನ್ಯ ಸಂಗತಿ ಅವರ ನೆನಪಿಗೆ ಬಂದಿತು. ಮಕ್ಕಳು ಹೀಗೆ ಆಡುತ್ತಿದ್ದುದನ್ನು ಅವರು ಲೂವ್ರ್ ಅರಮನೆಯ ಅಂಗಳದಲ್ಲಿ ನೋಡಿದ್ದರೆಂದು ಪ್ರತೀತಿಯುಂಟು. ಕೈಗೆ ಸಿಕ್ಕಿದ ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಹೃದಯದ ಮೇಲಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟರು. ನೇರವಾಗಿ ಕಿವಿಯಿಟ್ಟಾಗ ಕೇಳುವುದಕ್ಕಿಂತಲೂ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು. ಅವರಿಗೇ ಅಚ್ಚರಿ.

ಆ ಯುವತಿ ಯಾರೋ, ಆಮೇಲೆ ಏನಾದಳೋ ಚರಿತ್ರೆ ಬರೆದಿಟ್ಟಿಲ್ಲ. ಆದರೆ ಬಡ ಹೆಣ್ಣೊಬ್ಬಳ ಮಾನಕ್ಕೆ ವೈದ್ಯನೊಬ್ಬ ತೋರಿದ ಗೌರವವೇ ಆ ಸುರುಳಿಯನ್ನು ಸುತ್ತಿಸಿತು. ಈ ಮಾತನ್ನು ಭಕ್ತಿಯ ಅಲಂಕಾರವಾಗಿ ನಾನು ಹೇಳುತ್ತಿಲ್ಲ. ಸಂಕೋಚವೇ ಕಾರಣವೆಂದು ಸ್ವತಃ ಅವರೇ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಕಾಗದದ ಸುರುಳಿಯ ಜಾಗಕ್ಕೆ ಮರದ ಕೊಳವೆ ಬಂದಿತು. ಸುಮಾರು ಒಂದು ಅಡಿ ಉದ್ದ, ನಡುವೆ ಕಿರಿದಾದ ರಂಧ್ರ, ಬಿಚ್ಚಿ ಜೋಡಿಸಬಹುದಾದ ಎರಡು ತುಂಡುಗಳು. ಕೊಳಲು ನುಡಿಸುವ ಕೈ ಅದು. ಕಡೆಯುವ ಯಂತ್ರವನ್ನಿಟ್ಟುಕೊಂಡು ಅವರೇ ಅವನ್ನು ಕಡೆದರು. ಬಹುಕಾಲ ಅದನ್ನು ಬರಿಯ ಕೊಳವೆಯೆಂದೇ ಕರೆಯುತ್ತಿದ್ದರು. ಎದೆಯನ್ನು ನೋಡುವ ಸಾಧನವೆಂಬ ಅರ್ಥದ ಗ್ರೀಕ್ ಹೆಸರು ಅನಂತರದ್ದು. ಆದರೆ ಕೊಳವೆ ಮಾಡುವುದು ಸುಲಭ. ಅದರೊಳಗಿಂದ ಬರುವ ಸದ್ದುಗಳಿಗೆ ಅರ್ಥ ಹೇಳುವವರು ಯಾರು? ಮೂರು ವರ್ಷ ಅವರು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೇಳಿದರು, ಕೇಳಿದ್ದನ್ನು ಬರೆದಿಟ್ಟರು, ರೋಗಿ ತೀರಿಕೊಂಡರೆ ಶವವನ್ನು ಪರೀಕ್ಷಿಸಿ ತಾವು ಬರೆದದ್ದು ನಿಜವೋ ಸುಳ್ಳೋ ನೋಡಿದರು. ತಪ್ಪಿದ್ದರೆ ತಿದ್ದಿಕೊಂಡರು. ಭಾಷೆಯಲ್ಲಿ ಹೆಸರಿಲ್ಲದ ಸದ್ದುಗಳಿಗೆ ದಿನಬಳಕೆಯ ಲೋಕದಿಂದ ಹೋಲಿಕೆಗಳನ್ನು ತಂದರು. ಕಾದ ಬಾಣಲೆಯಲ್ಲಿ ಉಪ್ಪು ಚಟಪಟಿಸುವಂಥದು ಒಂದು, ಕಾಡುಪಾರಿವಾಳ ಗುಟುಕಿಡುವಂಥದು ಇನ್ನೊಂದು, ಆಡಿನ ಅರಚಾಟದಂತೆ ನಡುಗುವ ದನಿ ಮತ್ತೊಂದು. ಶ್ವಾಸಕೋಶದ ಸದ್ದಿಗೆ ಫ್ರೆಂಚ್‌ನಲ್ಲಿ ಅವರು ಬಳಸಿದ ಪದಕ್ಕೆ ಜನರ ಮಾತಿನಲ್ಲಿ ಸಾವಿನ ಗೊರಗೊರವೆಂಬ ಅರ್ಥವಿತ್ತು. ಆದುದರಿಂದ ರೋಗಿಯ ಮುಂದೆ ಆ ಪದವನ್ನು ಉಚ್ಚರಿಸದೆ ಲ್ಯಾಟಿನ್ ಪದವನ್ನು ಬಳಸುತ್ತಿದ್ದರು. ಹಾಸಿಗೆಯ ಪಕ್ಕದ ಟಿಪ್ಪಣಿಗಳೂ ಲ್ಯಾಟಿನ್ನಿನಲ್ಲಿಯೇ. ಸಾಯುವವನಿಗೆ ತಾನು ಸಾಯುತ್ತೇನೆಂಬ ಸುದ್ದಿ ವೈದ್ಯರ ಗುಸುಗುಸಿನಿಂದ ತಿಳಿಯಬಾರದು ಎಂಬ ಕಾಳಜಿ.

1818 ರ ಫೆಬ್ರವರಿಯಲ್ಲಿ ವಿಜ್ಞಾನ ಅಕಾಡೆಮಿಯ ಮುಂದೆ ಅವರು ತಮ್ಮ ವಿಧಾನವನ್ನು ಮಂಡಿಸಿದರು. 1819 ರಲ್ಲಿ ಎರಡು ಸಂಪುಟಗಳ ಗ್ರಂಥ ಹೊರಬಂದಿತು. ಶ್ವಾಸಕೋಶದ ರೋಗಗಳನ್ನು ಇಂದು ನಾವು ವಿಂಗಡಿಸುವ ಕ್ರಮಕ್ಕೆ ಬುನಾದಿ ಆ ಪುಟಗಳಲ್ಲಿದೆ.

ಆ ಗ್ರಂಥದಲ್ಲಿಯೇ ಕ್ಷಯರೋಗದ ಕಾರಣಗಳನ್ನು ಚರ್ಚಿಸುವಲ್ಲಿ ಒಂದು ಪ್ರಸಂಗ ಬರುತ್ತದೆ. ಲಾಯೆನೆಕ್ ಹತ್ತು ವರ್ಷ ಪ್ಯಾರಿಸ್ಸಿನ ಒಂದು ಮಹಿಳಾ ಧಾರ್ಮಿಕ ಸಮುದಾಯದ ವೈದ್ಯರಾಗಿದ್ದರು. ಹೊಸದಾಗಿ ಆರಂಭವಾದ ಮಠ. ಅದರ ನಿಯಮಗಳು ಎಷ್ಟು ಕಠೋರವೆಂದರೆ ಧರ್ಮಾಧಿಕಾರಿಗಳು ಅದಕ್ಕೆ ತಾತ್ಕಾಲಿಕ ಅನುಮತಿಯನ್ನಷ್ಟೇ ಕೊಟ್ಟಿದ್ದರು. ಉಪವಾಸ ಕಠಿಣವಾದರೂ ಅದು ಶರೀರ ತಾಳಲಾರದಷ್ಟಿರಲಿಲ್ಲ. ಆದರೆ ಅಲ್ಲಿಯ ಹೆಣ್ಣುಮಕ್ಕಳ ಧ್ಯಾನವನ್ನೆಲ್ಲ ಧರ್ಮದ ಅತ್ಯಂತ ಭೀಕರ ಸತ್ಯಗಳ ಮೇಲೆಯೇ ನಿಲ್ಲಿಸಲಾಗುತ್ತಿತ್ತು, ಸ್ವಂತ ಇಚ್ಛೆಯೆಂಬುದನ್ನು ಅಡಿಗಡಿಗೂ ಮುರಿಯಲಾಗುತ್ತಿತ್ತು. ಸೇರಿದ ಒಂದೆರಡು ತಿಂಗಳಲ್ಲಿ ಅವರ ಆರೋಗ್ಯ ಕೆಡುತ್ತಿತ್ತು, ಬಳಿಕ ಕ್ಷಯ ಕಾಣಿಸಿಕೊಳ್ಳುತ್ತಿತ್ತು. ಹತ್ತು ವರ್ಷಗಳಲ್ಲಿ ಆ ಮನೆಯ ನಿವಾಸಿಗಳೆಲ್ಲ ತೀರಿ ಹೊಸಬರು ತುಂಬಿದುದನ್ನು ಅವರು ಎರಡು ಮೂರು ಬಾರಿ ಕಂಡರು. ಬದುಕುಳಿದವರು ಬೆರಳೆಣಿಕೆಯ ಮಂದಿ. ಅವರು ಯಾರೆಂದು ಲಾಯೆನೆಕ್ ಲೆಕ್ಕ ಹಾಕಿದ್ದಾರೆ: ಮಠದ ಮುಖ್ಯಸ್ಥೆ, ತೋಟ ನೋಡಿಕೊಳ್ಳುವವಳು, ಅಡುಗೆಯವಳು, ರೋಗಿಗಳ ಶುಶ್ರೂಷೆಯವಳು, ಹೀಗೆ ಕೆಲಸದ ನೆಪದಲ್ಲಿ ಮನಸ್ಸಿಗೆ ಒಂದಿಷ್ಟು ಬಿಡುವು ದೊರೆಯುತ್ತಿದ್ದವರು. ಅಲ್ಲಿ ಶಾಶ್ವತ ವ್ರತವಚನವಿರಲಿಲ್ಲ. ಆದುದರಿಂದ ರೋಗದ ಮೊದಲ ಚಿಹ್ನೆ ಕಂಡೊಡನೆ ಮಠವನ್ನು ಬಿಟ್ಟು ಹೋಗುವಂತೆ ಅವರು ಒತ್ತಾಯಿಸುತ್ತಿದ್ದರು. ಮಾತು ಕೇಳಿದವರಲ್ಲಿ ಬಹುಮಂದಿ ಗುಣಹೊಂದಿದರು.

ಇದನ್ನು ಬರೆದವರು ಧರ್ಮದ ವೈರಿಯಲ್ಲ, ಮರಿಯಮ್ಮನವರ ಸಂಘದ ಸದಸ್ಯರು. ಧರ್ಮನಿಂದಕರು ಕೈತಟ್ಟಿ ನಗಲು ಕಾದಿದ್ದ ಕಾಲದಲ್ಲಿ, ತಾನು ವೈದ್ಯನಾಗಿ ಹತ್ತು ವರ್ಷ ಕಂಡದ್ದನ್ನು ಮುಚ್ಚಿಡುವುದು ಭಕ್ತನಿಗೆ ಎಷ್ಟು ಸುಲಭದ ಪ್ರಲೋಭನೆ! ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಪ್ಪು ಭಕ್ತಿಯಿಂದ ಹೆಣ್ಣುಮಕ್ಕಳು ಸಾಯುತ್ತಿರುವುದನ್ನು ಕಂಡು ಸುಮ್ಮನಿರುವುದು ಅವರ ಮಟ್ಟಿಗೆ ವೈದ್ಯಧರ್ಮಕ್ಕೂ ದ್ರೋಹ, ದೇವರಿಗೂ ದ್ರೋಹ. ನಾನು ಅವರ ಬಗ್ಗೆ ಓದಿದುದರಲ್ಲಿ ಜಪಸರದ ಕತೆಗಳಿಗಿಂತ ಈ ಕೆಲವು ಸಾಲುಗಳೇ ಅವರ ವಿಶ್ವಾಸದ ಆಳವನ್ನು ಹೆಚ್ಚಾಗಿ ತೋರಿಸಿಕೊಟ್ಟವು.

ಇಷ್ಟು ಹೇಳಿ, ಅವರ ತೀರ್ಮಾನ ಪೂರ್ಣ ಸರಿಯಿರಲಿಲ್ಲವೆಂಬುದನ್ನೂ ಹೇಳಬೇಕು. ಆಳವಾದ, ದೀರ್ಘವಾದ ದುಃಖವೇ ಕ್ಷಯಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ಅವರು ಬಗೆದಿದ್ದರು. ಅದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಂಬ ಮಾತನ್ನು ಅಷ್ಟಾಗಿ ಒಪ್ಪಿರಲಿಲ್ಲ. ರೋಗಾಣುವನ್ನು ರಾಬರ್ಟ್ ಕಾಖ್ ಕಂಡುಹಿಡಿದು ಲೋಕಕ್ಕೆ ಸಾರಿದ್ದು 1882 ರಲ್ಲಿ. ಒಂದೇ ಸೂರಿನಡಿ ಒತ್ತಾಗಿ ಮಲಗುತ್ತಿದ್ದ ಆ ಸಹೋದರಿಯರನ್ನು ಕೊಂದದ್ದು ಆ ರೋಗಾಣುವೇ ಎಂದು ಇಂದು ನಾವು ಬಲ್ಲೆವು. ಆದರೂ ಕುಗ್ಗಿದ ದೇಹದಲ್ಲಿ ಅದು ಸುಲಭವಾಗಿ ಬೇರೂರುತ್ತದೆಂಬುದರಿಂದ ಹಳೆಯ ವೈದ್ಯರ ಗಮನಿಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹೃದಯದ ಎರಡನೆಯ ಸದ್ದು ಮೇಲಿನ ಕೋಣೆಗಳು ಕುಗ್ಗುವುದರಿಂದ ಬರುತ್ತದೆಂದು ಅವರು ತಿಳಿದದ್ದೂ ತಪ್ಪೇ. ಅದು ಕವಾಟಗಳು ಮುಚ್ಚುವ ಸದ್ದೆಂದು ಮುಂದಿನವರು ತೋರಿಸಿಕೊಟ್ಟರು. ತವರಿನ ಕಡಲಗಾಳಿಯಲ್ಲಿ ಅವರಿಗಿದ್ದ ನಂಬಿಕೆ ಎಷ್ಟೆಂದರೆ ಬ್ರಿಟನಿಯ ತೀರದಿಂದ ಸಮುದ್ರದ ಪಾಚಿಯನ್ನು ತರಿಸಿ ಪ್ಯಾರಿಸ್ಸಿನಲ್ಲಿ ಕ್ಷಯರೋಗಿಗಳ ಹಾಸಿಗೆಯ ಸುತ್ತ ಇಡಿಸಿದ್ದರು. ಫಲ ಸಿಗಲಿಲ್ಲ. ಊರಿನ ಮೇಲಿನ ಪ್ರೀತಿ ಎಂಥ ವಿವೇಕಿಯನ್ನೂ ಒಂದಿಷ್ಟು ಮೋಸಗೊಳಿಸುತ್ತದೆ.

ಗ್ರಂಥ ಮುಗಿಯುವಷ್ಟರಲ್ಲಿ ದೇಹ ಸೋತಿತು. ಗಿಡ್ಡ ನಿಲುವು, ಕೃಶಕಾಯ. ಬೆಳಗಿನಿಂದ ರಾತ್ರಿಯವರೆಗೆ ರೋಗಿಗಳ ಎದೆಗೆ ಬಾಗಿದ ಬೆನ್ನು. 1819 ರ ಕೊನೆಗೆ ಪ್ಯಾರಿಸ್ ಬಿಟ್ಟು ಬ್ರಿಟನಿಯ ಕಡಲ ಬದಿಯ ಕೆರ್ಲುವಾರ್ನೆಕ್ ಎಂಬ ತಮ್ಮ ಹಳ್ಳಿಮನೆಗೆ ಹೋದರು. ಎರಡು ವರ್ಷ ಮರ ನೆಡುವುದು, ಬೇಲಿ ಕಟ್ಟಿಸುವುದು, ಬಡವರಿಗೆ ಚಿಕಿತ್ಸೆ ಮಾಡುವುದು. ಅತ್ತ ರಾಜಧಾನಿಯಲ್ಲಿ ಬ್ರೂಸೇ ಎಂಬ ವೈದ್ಯರು ಅವರ ವಿರುದ್ಧ ಬೆಂಕಿಯುಗುಳುತ್ತಿದ್ದರು. ಬ್ರೂಸೇ ಕೂಡ ಬ್ರಿಟನಿಯವರೇ, ಆದರೆ ಕ್ರಾಂತಿಯ ಪಕ್ಷದವರು, ಗುರುಗಳನ್ನು ಕಂಡರಾಗದವರು. ರೋಗವೆಲ್ಲ ಜಠರದ ಉರಿಯಿಂದಲೇ ಹುಟ್ಟುತ್ತದೆಂದು ಸಾಧಿಸಿ ಜಿಗಣೆ ಹಚ್ಚಿ ರಕ್ತ ಇಳಿಸುವವರು. ಕೊಳವೆಯಿಟ್ಟು ಕೇಳಿ ಗುಣವಾಗದ ರೋಗವನ್ನು ಗುರುತಿಸುವುದರಿಂದ ರೋಗಿಗೇನು ಲಾಭವೆಂಬುದು ಅವರ ಆಕ್ಷೇಪ. ಅದರಲ್ಲಿ ಆಗಿನ ಮಟ್ಟಿಗೆ ಸ್ವಲ್ಪ ಸತ್ಯವಿತ್ತೆಂದು ಒಪ್ಪಬೇಕು. ಕ್ಷಯಕ್ಕೆ ನಿಜವಾದ ಔಷಧ ಬರಲು ಇನ್ನೂ ನೂರಕ್ಕೂ ಮಿಕ್ಕಿ ವರ್ಷ ಬೇಕಾಯಿತು. ಆದರೆ ಏನು ರೋಗವೆಂದು ತಿಳಿಯದೆ ಜಿಗಣೆ ಹಚ್ಚುವುದರಿಂದ ಸತ್ತವರ ಲೆಕ್ಕವನ್ನು ಬ್ರೂಸೇ ಇಡಲಿಲ್ಲ.

1821 ರ ಕೊನೆಗೆ ಲಾಯೆನೆಕ್ ಪ್ಯಾರಿಸ್ಸಿಗೆ ಮರಳಿದರು. ಇನ್ನು ಮುಂದಿನದು ಅವರ ಕಥೆಯ ತೊಡಕಿನ ಭಾಗ. ನೆಪೋಲಿಯನ್ನನ ಪತನದ ಬಳಿಕ ರಾಜವಂಶ ಸಿಂಹಾಸನಕ್ಕೆ ಮರಳಿತ್ತು. ಒಂದು ಕಾಲದಲ್ಲಿ ನಗೆಗೀಡಾಗಿದ್ದ ಭಕ್ತಿ ಈಗ ಅಧಿಕಾರಕ್ಕೆ ಮೆಟ್ಟಿಲಾಗಿತ್ತು. ಲಾಯೆನೆಕ್ ರಾಜಮನೆತನದ ಬೆರಿ ಡಚೆಸ್‌ರ ವೈದ್ಯರಾದರು. 1822 ರಲ್ಲಿ ಕೊಲೆಜ್ ದ ಫ್ರಾನ್ಸ್ ಎಂಬ ಮಹಾವಿದ್ಯಾಪೀಠದಲ್ಲಿ ಪ್ರಾಧ್ಯಾಪಕ ಸ್ಥಾನ ದೊರೆಯಿತು. ಆ ವರ್ಷದ ನವೆಂಬರಿನಲ್ಲಿ ವೈದ್ಯಕೀಯ ಶಾಲೆಯ ಸಮಾರಂಭವೊಂದರಲ್ಲಿ ವಿದ್ಯಾಧಿಕಾರಿಯಾಗಿದ್ದ ಗುರುಗಳೊಬ್ಬರನ್ನು ವಿದ್ಯಾರ್ಥಿಗಳು ಅಣಕಿಸಿ ಗದ್ದಲವೆಬ್ಬಿಸಿದರು. ಸರಕಾರ ಶಾಲೆಯನ್ನೇ ಮುಚ್ಚಿತು. 1823 ರ ಫೆಬ್ರವರಿಯಲ್ಲಿ ಮತ್ತೆ ತೆರೆದಾಗ ಹನ್ನೊಂದು ಮಂದಿ ಹಿರಿಯ ಪ್ರಾಧ್ಯಾಪಕರಿಗೆ ಸ್ಥಾನವಿರಲಿಲ್ಲ. ಮಾನಸಿಕ ರೋಗಿಗಳನ್ನು ಮನುಷ್ಯರಂತೆ ಕಾಣಲು ಕಲಿಸಿದ ಪಿನೆಲ್, ಸಸ್ಯಶಾಸ್ತ್ರಜ್ಞ ಜ್ಯೂಸಿಯೂ, ಕ್ರೋಮಿಯಂ ಲೋಹವನ್ನು ಕಂಡುಹಿಡಿದ ವೊಕ್ಲೆಂ ಅವರಲ್ಲಿ ಸೇರಿದ್ದರು. ಶಾಲೆಯ ಪುನಾರಚನೆಗೆ ನೇಮಿಸಿದ ಸಮಿತಿಯಲ್ಲಿ ಲಾಯೆನೆಕ್ ಇದ್ದರು. ಹೊಸ ವ್ಯವಸ್ಥೆಯಲ್ಲಿ ಅವರಿಗೂ ಪೀಠವೊಂದು ದೊರೆಯಿತು. ಅವರ ಯೋಗ್ಯತೆಯನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ಆದರೂ ಬೀದಿಗೆ ಬಿದ್ದ ಮುದಿ ವಿದ್ವಾಂಸರ ಜಾಗದಲ್ಲಿ ಕುಳಿತವರಿಗೆ ಜಪಸರದ ಬಲದಿಂದ ಮೇಲೇರಿದರೆಂಬ ನಿಂದೆ ಅಂಟಿಕೊಂಡಿತು. ಅವರ ಭಕ್ತ ಚರಿತ್ರೆಕಾರರು ಈ ಪುಟವನ್ನು ಬೇಗ ತಿರುವುತ್ತಾರೆ. ಮಠದ ವಿಷಯದಲ್ಲಿ ಅವರು ತೋರಿದ ಎದೆಗಾರಿಕೆ ಇಲ್ಲಿ ಕಾಣಲಿಲ್ಲವೆಂದೇ ನನ್ನ ಅಭಿಪ್ರಾಯ. ಬಾಲ್ಯದಲ್ಲಿ ಕಿಟಕಿಯಿಂದ ಶಿರಚ್ಛೇದ ಕಂಡವನಿಗೆ ಕ್ರಾಂತಿಯ ಪಕ್ಷದವರ ಮೇಲೆ ಕನಿಕರ ಹುಟ್ಟುವುದು ಕಷ್ಟವೆಂಬುದೂ ನಿಜ.

ಷಾರಿತೆ ಆಸ್ಪತ್ರೆಯ ಅವರ ವಾರ್ಡಿಗೆ ಯುರೋಪಿನ ಮೂಲೆಮೂಲೆಯಿಂದ ವೈದ್ಯರು ಬಂದರು. ಅವರಿಗೆ ಅರ್ಥವಾಗಲೆಂದು ಲಾಯೆನೆಕ್ ಲ್ಯಾಟಿನ್ ಭಾಷೆಯಲ್ಲಿ ಪಾಠ ಹೇಳುತ್ತಿದ್ದರು. 1824 ರ ಡಿಸೆಂಬರಿನಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ತಮ್ಮ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ವಿಧವೆ ಶ್ರೀಮತಿ ಆರ್ಗು ಅವರನ್ನು ಮದುವೆಯಾದರು. ಮರುವರ್ಷ ಹುಟ್ಟಬೇಕಾಗಿದ್ದ ಮಗು ಉಳಿಯಲಿಲ್ಲ. ಪತ್ನಿಯೊಡನೆ ಊರಿಗೆ ಪ್ರಯಾಣ ಮಾಡುತ್ತಿದ್ದಾಗ ಒಮ್ಮೆ ಗಾಡಿ ಉರುಳಿಬಿದ್ದು, ಎಲ್ಲರೂ ಎದ್ದು ಮತ್ತೆ ಗಾಡಿಯೇರಿದ ಬಳಿಕ, ಜಪಸರ ಯಾವ ರಹಸ್ಯದಲ್ಲಿ ನಿಂತಿತ್ತೆಂದು ನೆನಪಿಸಿ ಅಲ್ಲಿಂದಲೇ ಮುಂದುವರಿಸಿದರೆಂದು ಹೇಳುವುದುಂಟು.

1826 ರಲ್ಲಿ ಗ್ರಂಥದ ಎರಡನೆಯ ಆವೃತ್ತಿ ಸಿದ್ಧವಾಯಿತು. ಅಷ್ಟರಲ್ಲಿ ಕೆಮ್ಮು, ಜ್ವರ, ಕ್ಷೀಣತೆ. ಅವರು ತಮ್ಮ ಕೊಳವೆಯನ್ನು ಸೋದರಬಂಧು ಮೆರಿಯಾದೆಕ್ ಎಂಬ ಯುವವೈದ್ಯನ ಕೈಗೆ ಕೊಟ್ಟು, ತಮ್ಮ ಎದೆಗೆ ಕಿವಿಗೊಟ್ಟು ಕೇಳಿದ್ದನ್ನು ಹೇಳುವಂತೆ ಕೇಳಿದರು. ಆತ ವರ್ಣಿಸಿದ ಸದ್ದುಗಳನ್ನು ಸಾವಿರಾರು ರೋಗಿಗಳಲ್ಲಿ ಕೇಳಿ ಹೆಸರಿಟ್ಟವರೇ ಅವರು. ಬೇರೆ ವಿವರಣೆ ಬೇಕಾಗಲಿಲ್ಲ. ಮೇ 30 ರಂದು ಪ್ಯಾರಿಸ್ ಬಿಟ್ಟು ಹೊರಟು ಕಡಲ ಬದಿಯ ಮನೆ ಸೇರಿದರು. ಮರಣಪತ್ರದಲ್ಲಿ ಮೆರಿಯಾದೆಕ್‌ಗೆ ತಮ್ಮ ಕಾಗದಪತ್ರಗಳನ್ನೂ ಗಡಿಯಾರವನ್ನೂ ಬರೆದಿಟ್ಟು, ಎಲ್ಲಕ್ಕಿಂತ ಮಿಗಿಲಾದ ಆಸ್ತಿಯೆಂದು ಸ್ಟೆತಾಸ್ಕೋಪನ್ನು ಸೇರಿಸಿದರು.

ಆಗಸ್ಟ್ 13 ರಂದು, ಸಂಸ್ಕಾರಗಳನ್ನು ಸ್ವೀಕರಿಸಿದ್ದ ಲಾಯೆನೆಕ್, ಕೊನೆಯುಸಿರಿಗೆ ಸ್ವಲ್ಪ ಹೊತ್ತು ಮೊದಲು ತಮ್ಮ ಬೆರಳಿನ ಉಂಗುರಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರಂತೆ. ಪತ್ನಿ ಕಾರಣ ಕೇಳಿದಾಗ, ಇನ್ನು ಸ್ವಲ್ಪ ಹೊತ್ತಿನಲ್ಲಿ ಬೇರೆ ಯಾರಾದರೂ ಇದನ್ನು ಮಾಡಲೇಬೇಕಾಗುತ್ತದೆ, ಆ ದುಃಖದ ಕೆಲಸ ಅವರಿಗೆ ಬೇಡವೆಂದು ತಾವೇ ಮಾಡುತ್ತಿರುವುದಾಗಿ ತಿಳಿಸಿದರು. ಪ್ಲೊವಾರೆ ಹಳ್ಳಿಯ ಸ್ಮಶಾನದಲ್ಲಿ, ಬ್ರೆಟನ್ ನುಡಿಯ ರೈತರ ನಡುವೆ ಅವರ ಸಮಾಧಿಯಿದೆ.